ಹದಿನಾಲ್ಕು ತಿರುವಿಗೆ ಹೆದರದ ಭಾವ, ಒಂದು ಹಲ್ಲಿಗೆ ಹೆದರಿದರು!

ಬೆಂಗಳೂರಿನಿಂದ ದಾವಣಗೆರೆ ಬಸ್ಸು ಹತ್ತಿದ ಸಿನಿಮಾ ಹುಚ್ಚಿನವರಿಗೆಲ್ಲ ಒಂದು ಚಾಳಿ. ಚಿತ್ರದುರ್ಗ ದಾಟಿ, ಇನ್ನೇನು ಊರು ಬಂತು ಅನ್ನುವಾಗ ನಿದ್ದೆಯಲ್ಲಿದ್ದವರೂ ಎದ್ದು ಕಿಟಕಿ ಸರಿಸುತ್ತಾರೆ. ಆನಗೋಡು! 1990ರ ಸೆಪ್ಟೆಂಬರ್ 30ರಂದು ನಮ್ಮ ಶಂಕರ್‌ನಾಗ್ ಕಾರು ಅಪಘಾತಕ್ಕೆ ಸಿಕ್ಕಿದ್ದು ಇಲ್ಲಿ. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆ ಹೊರಟಿದ್ದ ಮನುಷ್ಯ. ವಯಸ್ಸು 36 ಕೂಡ ತುಂಬಿರಲಿಲ್ಲ. ನಾನು ಹುಟ್ಟುವ ಮೊದಲು ನಡೆದದ್ದು, ಆದರೂ ಆ ಜಾಗ ಬಂದಾಗ ಎದೆ ಒಂದು ಸಲ ಜುಂ ಅನ್ನುತ್ತದೆ. ಆಮೇಲೆ? ಆಮೇಲೇನು ಸ್ವಾಮಿ, ಕಿಟಕಿ ಮುಚ್ಚಿ ಮತ್ತೆ ಗೊರಕೆ. ಡ್ರೈವರ್ ಲಾರಿಗಳನ್ನು ಎಡಕ್ಕೊಂದು ಬಲಕ್ಕೊಂದು ಬಿಟ್ಟು ಓಡಿಸುತ್ತಿರುತ್ತಾನೆ. ಯಾರಿಗೂ ಭಯವಿಲ್ಲ.

2025ರ ಅಕ್ಟೋಬರ್ ಕೊನೆಗೆ ನಾನು ಆ ರಸ್ತೆಯಲ್ಲಿ ಬಂದದ್ದು ಹೆದರಿ ಮೂಲೆ ಸೇರಿದ ಒಬ್ಬರನ್ನು ನೋಡಲು. ಅವರು ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು.

ಸಾಮಾನ್ಯ ಆಸಾಮಿಯಲ್ಲ ಅವರು. ದಾವಣಗೆರೆಯ ಒಂದು ಥಿಯೇಟರಿನಲ್ಲಿ ವರ್ಷಗಟ್ಟಲೆ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ದೊಡ್ಡ ನಟರ ಚಿತ್ರ ಬಿಡುಗಡೆಯಾದ ದಿನ ನಲವತ್ತು ಅಡಿ ಕಟೌಟನ್ನು ಹಗ್ಗವಿಲ್ಲದೆ ಹತ್ತಿ, ಹಾರ ಹಾಕಿ, ಮೇಲಿಂದಲೇ ಶಿಳ್ಳೆ ಹೊಡೆದು ಇಳಿಯುತ್ತಿದ್ದ ಗಂಡು! ಕೊರೋನಾ ಬಂದು ಹೋದ ಮೇಲೆ ಥಿಯೇಟರ್ ಬಾಗಿಲು ಹಾಕಿತು. ಈಗ ಅದು ಶಾಮಿಯಾನದವರ ಗೋಡೌನು. ಭಾವ ಅಲ್ಲಿ ಇಲ್ಲಿ ಮೋಟಾರ್ ರಿಪೇರಿ ಮಾಡಿ ದಿನ ದೂಡುತ್ತಿದ್ದರು. ಅಷ್ಟರಲ್ಲಿ ದುಬೈಯಿಂದ ಕೆಲಸ ಬಂತು. ದೊಡ್ಡ ಮಾಲ್ ಒಂದರಲ್ಲಿ ಏಸಿ ಮೆಷಿನ್ ನೋಡಿಕೊಳ್ಳುವುದು. ವೀಸಾ ಬಂತು, ಟಿಕೆಟ್ ಬಂತು, ನವೆಂಬರ್ ಕೊನೆಯ ವಾರ ಮಂಗಳೂರಿನಿಂದ ವಿಮಾನ. ಅಕ್ಕನ ಬಳೆ ಬ್ಯಾಂಕಿನಲ್ಲಿ ಕೂತಿವೆ. ಇಬ್ಬರು ಹೆಣ್ಣುಮಕ್ಕಳ ಫೀಸು ಬಾಕಿ. ಇಂಥ ಹೊತ್ತಿನಲ್ಲಿ ಭಾವ ಗೋಡೆ ಕಡೆ ಮುಖ ಮಾಡಿ ಮಲಗಿ "ನಾ ಹೋಗಲ್ಲ" ಅಂದುಬಿಟ್ಟರು.

"ಯಾಕೆ ಭಾವ?"

"ಹಲ್ಲು ನೋವು ಐತೆ ಕಣಲೇ ತಮ್ಮ. ಈ ನೋವು ಇಟ್ಕಂಡು ವಿಮಾನ ಹೆಂಗೆ ಹತ್ತಲಿ?"

"ಹಂಗಾದ್ರೆ ಕೀಳಿಸಿಬಿಡಿ."

"ಹಲ್ಲು ಕಿತ್ರೆ ಕಣ್ಣು ಹೋಗ್ತಾವೆ. ಕಣ್ಣು ಹೋದ್ರೆ ದುಬೈನಾಗೆ ಏನು ಮಾಡ್ಲಿ?"

ನೋಡಿದಿರಾ ಸ್ಕ್ರೀನ್‌ಪ್ಲೇ! ವಿಮಾನಕ್ಕೆ ಹೆದರಿ ಹಲ್ಲನ್ನು ಅಡ್ಡ ಇಟ್ಟಿದ್ದರು, ಹಲ್ಲಿಗೆ ಹೆದರಿ ಕಣ್ಣನ್ನು ಅಡ್ಡ ಇಟ್ಟಿದ್ದರು. ಎರಡು ವರ್ಷದಿಂದ ಆ ದವಡೆ ಹಲ್ಲಿಗೆ ಲವಂಗ, ಲವಂಗದೆಣ್ಣೆ, ಉಪ್ಪುನೀರು, ನೋವಿನ ಮಾತ್ರೆ ಎಲ್ಲ ಆಗಿತ್ತು, ಡಾಕ್ಟರ ಕುರ್ಚಿ ಒಂದು ಬಿಟ್ಟು.

ಅಕ್ಕನೂ ಒಳಗೊಳಗೇ ಅಳುಕುತ್ತಿದ್ದಳು. "ಸೌಂದರ್ಯ ಹೆಂಗೆ ಹೋದ್ಲು ಅಂತ ಮರ್ತಿಯೇನೋ?" ಅಂದಳು. ಮರೆಯುವ ಮಾತೇ ಅದು! 2004ರ ಏಪ್ರಿಲ್ 17. ಚುನಾವಣೆ ಪ್ರಚಾರಕ್ಕೆ ಕರೀಂನಗರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಎದ್ದ ಪುಟ್ಟ ವಿಮಾನ, ಮೇಲೇರುತ್ತಿದ್ದ ಹಾಗೇ ಬಿತ್ತು. 'ದ್ವೀಪ' ಚಿತ್ರವನ್ನು ತಾನೇ ನಿರ್ಮಿಸಿ ನಟಿಸಿದ್ದ ಹೆಣ್ಣುಮಗಳು, ಅಣ್ಣನ ಜೊತೆಗೇ ಹೋದಳು. ಅದೇ ವರ್ಷ 'ಆಪ್ತಮಿತ್ರ' ತೆರೆಗೆ ಬಂದಾಗ ನೋಡಲು ಆಕೆಯೇ ಇರಲಿಲ್ಲ. ಆದರೆ ಅಕ್ಕನಿಗೆ ಒಂದು ಮಾತು ಹೇಳಿದೆ: ಅದು ಒಂದೇ ಇಂಜಿನ್ನಿನ, ನಾಲ್ಕು ಜನ ಹಿಡಿಸುವ ಸೆಸ್ನಾ. ಮಂಗಳೂರಿನಿಂದ ಗಲ್ಫಿಗೆ ಹಾರುವುದು ಎರಡು ಇಂಜಿನ್, ಇಬ್ಬರು ಪೈಲಟ್ ಇರುವ, ನೂರೈವತ್ತಕ್ಕೂ ಹೆಚ್ಚು ಜನ ಕೂರುವ ಬೋಯಿಂಗ್ 737 ಜಾತಿಯದು. ಲೂನಾಕ್ಕೂ ರೈಲಿಗೂ ಇರುವಷ್ಟು ವ್ಯತ್ಯಾಸ.

ಭಾವನ ಮೊಬೈಲಿನಲ್ಲಿ ಇನ್ನೊಂದು ಕೂತಿತ್ತು. 2025ರ ಜೂನ್ 12, ಅಹಮದಾಬಾದ್. ಲಂಡನ್ನಿಗೆ ಹೊರಟ ವಿಮಾನದಲ್ಲಿದ್ದ 242 ಜನರಲ್ಲಿ ಉಳಿದದ್ದು ಒಬ್ಬರೇ. ಕೆಳಗಿದ್ದವರೂ ಸೇರಿ ಸತ್ತವರು 260. ಆ ದೃಶ್ಯವನ್ನು ಭಾವ ನಲವತ್ತು ಸಲವಾದರೂ ನೋಡಿದ್ದರು. ಉಳಿದವರ ಸೀಟು 11ಎ ಅಂತ ಗೊತ್ತಾಗಿ, ಏಜೆಂಟಿಗೆ ಫೋನ್ ಮಾಡಿ "ನನಗೂ ಅದೇ ಸೀಟು ಕೊಡ್ಸಿ" ಅಂದಿದ್ದರಂತೆ!

ಸುಳ್ಳು ಸಮಾಧಾನ ನನಗೆ ಬರುವುದಿಲ್ಲ. ವಿಮಾನ ಬೀಳುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಈ ಲೆಕ್ಕವನ್ನೂ ಒಂದು ಸಲ ಓದಿ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ 460ರ ಮೇಲಾಯಿತು. ಅದರಲ್ಲಿ ಸುಮಾರು 75 ಸಾವಿರ ಜನ ನಮ್ಮ ನಿಮ್ಮ ಹಾಗೆ ಬೈಕು, ಸ್ಕೂಟರಿನ ಮೇಲಿದ್ದವರು. ಅಹಮದಾಬಾದಿನ ಆ ಘೋರ ದಿನಕ್ಕಿಂತ ರಸ್ತೆಯ ಒಂದು ಮಾಮೂಲಿ ದಿನವೇ ಕೆಟ್ಟದ್ದು! 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದ ಸಂಚಾರಿ ವಿಜಯ್ ಅವರನ್ನು 2021ರ ಜೂನ್‌ನಲ್ಲಿ ನಮ್ಮಿಂದ ಕಸಿದದ್ದೂ ಬೆಂಗಳೂರಿನ ರಸ್ತೆ, ಒಂದು ಬೈಕು.

"ರಸ್ತೆ ಮ್ಯಾಲೆ ಜನ ಜಾಸ್ತಿ ಇರ್ತಾರೆ, ಅದಕ್ಕೇ ಜಾಸ್ತಿ ಸಾಯ್ತಾರೆ. ನಂಗೇನು ಲೆಕ್ಕ ಬರಲ್ವ?" ಅಂದರು ಭಾವ. ಬುದ್ಧಿವಂತರೇ. ಜನ ಜಾಸ್ತಿ ನಿಜ. ಆದರೆ ಇಷ್ಟು ಜನ ಇಷ್ಟು ಕಿಲೋಮೀಟರ್ ಹೋದರೆ ಎಷ್ಟು ಸಾವು ಅಂತ ದೂರದ ಲೆಕ್ಕ ಹಾಕಿದರೂ ವಿಮಾನವೇ ಮೇಲು. ಭಾವ ತಲೆಯಾಡಿಸಿದರು, ಮತ್ತೆ ಗೋಡೆ ಕಡೆ ತಿರುಗಿದರು. ಲೆಕ್ಕದಿಂದ ಭಯ ಹೋಗುವಂತಿದ್ದರೆ ಗಣಿತದ ಮೇಷ್ಟ್ರುಗಳೆಲ್ಲ ಹುಲಿಗಳಾಗಿರಬೇಕಿತ್ತು!

ಕಿವಿಯಿಂದ ಬರುವ ಭಯ

ದಾವಣಗೆರೆ ಅಂದರೆ ನಿಮಗೆ ಬೆಣ್ಣೆ ದೋಸೆ ನೆನಪಾಗುತ್ತದೆ. ಆದರೆ ಅದು ಹಲ್ಲಿನ ಊರೂ ಹೌದು. ಬಾಪೂಜಿ ಡೆಂಟಲ್ ಕಾಲೇಜು ಒಂದು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇನ್ನೊಂದು. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಅದೇ ದೋಸೆ ಹೋಟೆಲುಗಳಲ್ಲಿ ಸಾಲು ನಿಲ್ಲುತ್ತಾರೆ. ಡೆಂಟಲ್ ಕಾಲೇಜಿನಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಕಮ್ಮಿ. ಕಲಿಯುವವರ ಕೈ, ಹಾಗಾಗಿ ಹೊತ್ತು ಜಾಸ್ತಿ ಹಿಡಿಯುತ್ತದೆ. ಆದರೆ ಹಿಂದೆ ಮೇಷ್ಟ್ರು ನಿಂತು ನೋಡುತ್ತಿರುತ್ತಾರೆ. ಬಡವನಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಆ ಎರಡರಲ್ಲಿ ಒಂದಕ್ಕೆ ಭಾವನನ್ನು "ಸುಮ್ನೆ ತೋರಿಸ್ಕಂಡು ಬರಾಣ" ಅಂತ ಪುಸಲಾಯಿಸಿ ಕರೆದುಕೊಂಡು ಹೋದೆ.

ನಮ್ಮ ಸಿನಿಮಾಗಳು ಹಲ್ಲಿನ ಡಾಕ್ಟರಿಗೆ ಮಾಡಿದ ಅನ್ಯಾಯ ಅಷ್ಟಿಷ್ಟಲ್ಲ. ಡಾಕ್ಟರ್ ಬಂದರೆ ಕಾಮಿಡಿ ಟ್ರ್ಯಾಕ್, ಕೈಯಲ್ಲಿ ಇಕ್ಕಳ, ಒಳಗಿಂದ ಕಿರುಚಾಟ, ಹೊರಗೆ ಕೂತವನು ಚಪ್ಪಲಿ ಬಿಟ್ಟು ಓಟ. ನಾನು ನೋಡಿದ ಹಾಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುರ್ಚಿ, ಅಷ್ಟೂ ಕುರ್ಚಿಯಲ್ಲಿ ಜನ. ಒಬ್ಬರೂ ಕಿರುಚುತ್ತಿರಲಿಲ್ಲ. ಒಬ್ಬ ಅಜ್ಜ ಬಾಯಿ ತೆರೆದುಕೊಂಡೇ ನಿದ್ದೆ ಹೋಗಿದ್ದರು. ಕೇಳುತ್ತಿದ್ದದ್ದು ಒಂದೇ, ಆ ಡ್ರಿಲ್ಲಿನ 'ಕೀಂಂಂ...' ಅದನ್ನು ಕೇಳಿ ಭಾವ ನನ್ನ ಮೊಣಕೈ ಹಿಡಿದ ಗುರುತು ಎರಡು ದಿನ ಹೋಗಲಿಲ್ಲ.

ನಮಗೆ ಸಿಕ್ಕಿದ್ದು ಹೌಸ್ ಸರ್ಜನ್ ಹುಡುಗಿ. ನನಗಿಂತ ಚಿಕ್ಕವಳು. ಮೊದಲು ಬಾಯಿ ಅಗಲಿಸಲು ಹೇಳಿ ಮೂರು ಬೆರಳು ಉದ್ದಕ್ಕೆ ಹಿಡಿಸುತ್ತದೆಯೇ ಅಂತ ನೋಡಿದಳು. ಗುಟ್ಕಾ ಜಗಿಯುವವರಿಗೆ ಕೆನ್ನೆಯ ಒಳಗಡೆ ಗಡುಸಾಗಿ ಬಾಯಿಯೇ ತೆರೆಯದೆ ಹೋಗುತ್ತದಂತೆ, ಅದು ಕ್ಯಾನ್ಸರಿಗೂ ದಾರಿ. (ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಓದುತ್ತಿರುವ ತಮ್ಮಂದಿರೇ, ಒಂದು ಸಲ ಬೆರಳಿಟ್ಟು ನೋಡಿಕೊಳ್ಳಿ.) ಭಾವ ಪಾಸಾದರು.

"ಡಾಕ್ಟ್ರೇ, ಹಲ್ಲು ಕಿತ್ರೆ ಕಣ್ಣು..."

"ಅದು ಮೇಲಿನ ಹಲ್ಲಿನ ಕಥೆ ಅಂಕಲ್, ನಿಮ್ದು ಕೆಳಗಿನ ಹಲ್ಲು!" ಅಂದು ನಕ್ಕಳು. ಆಮೇಲೆ ಗಂಭೀರವಾಗಿ ಹೇಳಿದಳು: ಮೇಲಿನದಾದರೂ ಏನೂ ಆಗುವುದಿಲ್ಲ. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಅಪಾಯ ಇರುವುದು ಕೀಳಿಸದೆ ಬಿಡುವುದರಲ್ಲಿ. ಬುಡದಲ್ಲಿ ಕೀವು ತುಂಬಿದರೆ ಅದು ದವಡೆಗೆ, ಕತ್ತಿಗೆ ಇಳಿಯಬಹುದು.

ಎಕ್ಸ್‌ರೇ ನೋಡಿ ಎರಡು ಕೆಲಸ ಹೇಳಿದಳು. ಒಂದು ಹಲ್ಲಿಗೆ ಬರೀ ತೂತು, ಸಿಮೆಂಟ್ ಸಾಕು. ಪಕ್ಕದ್ದು ಉಳಿಯುವ ಹಾಗಿಲ್ಲ, ತೆಗೆಯಬೇಕು. ದುಬೈ ವಿಷಯ ಹೇಳಿದಾಗ ಆಕೆ ಹುಬ್ಬೇರಿಸಿದಳು. "ಹಾಗಾದ್ರೆ ಹಾರೋಕೆ ಮುಂಚೇನೇ ಆಗ್ಬೇಕು. ಮೇಲೆ ಹೋದಾಗ ಹುಳುಕು ಹಲ್ಲಿನೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತೆ, ಕೆಲವರಿಗೆ ಜೀವ ಹೋಗೋ ನೋವು ಬರುತ್ತೆ." ಎರಡನೇ ಮಹಾಯುದ್ಧದ ಕಾಲದ ಪೈಲಟ್‌ಗಳಿಗೇ ಈ ಹಲ್ಲುನೋವು ಕಾಡಿತ್ತಂತೆ. ಅಂದರೆ ನಮ್ಮ ಭಾವನ ನೆಪದಲ್ಲಿ ಅರ್ಧ ಸತ್ಯ ಇತ್ತು! ವಿಮಾನ ಮೂವತ್ತೈದು ಸಾವಿರ ಅಡಿಯಲ್ಲಿ ಹಾರಿದರೂ ಒಳಗಿನ ಗಾಳಿಯನ್ನು ಹೆಚ್ಚೆಂದರೆ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಟ್ಟಿರುತ್ತಾರೆ. ಮುಳ್ಳಯ್ಯನಗಿರಿ ಆರು ಸಾವಿರದ ಮುನ್ನೂರು ಅಡಿ ಚಿಲ್ಲರೆ. ಅದಕ್ಕಿಂತ ಸ್ವಲ್ಪ ಮೇಲೆ ನಿಂತ ಹಾಗೆ ಅಷ್ಟೇ. ಗಟ್ಟಿ ಹಲ್ಲಿಗೆ ಅದು ಲೆಕ್ಕಕ್ಕಿಲ್ಲ.

ಇನ್ನು ಆ ಹುಡುಗಿ ಮಾಡಿದ್ದನ್ನು ನಾನು ಬಿಡಿಸಿ ಹೇಳಬೇಕು, ಯಾಕಂದರೆ ಭಾವ ಬದಲಾದದ್ದು ಅಲ್ಲಿಯೇ. ಡ್ರಿಲ್ಲನ್ನು ಬಾಯಿಗೆ ತರಲೇ ಇಲ್ಲ. ಮೊದಲು ಭಾವನ ಕೈಗೆ ಕೊಟ್ಟಳು. "ನೋಡಿ ಅಂಕಲ್, ಇದಕ್ಕೆ ಕರೆಂಟ್ ಮೋಟಾರ್ ಇಲ್ಲ. ಒಳಗೊಂದು ಪುಟ್ಟ ಚಕ್ರ, ಗಾಳಿಯಿಂದ ತಿರುಗುತ್ತೆ. ನಿಮಿಷಕ್ಕೆ ಮೂರು ಲಕ್ಷ ಸುತ್ತು. ಆ ಕೀಂ ಅನ್ನೋದು ಗಾಳಿ ಸದ್ದು. ನೀರು ಚಿಮ್ಮೋದು ಬಿಸಿ ಆಗದೆ ಇರಲಿ ಅಂತ." ಹಾಗಂದು ಗಾಳಿಯಲ್ಲೇ ಒಂದು ಸಲ ಓಡಿಸಿ ತೋರಿಸಿದಳು. ಆಮೇಲೆ ಉಗುರಿನ ಹತ್ತಿರ ನೀರು ಚಿಮ್ಮಿಸಿದಳು. ಆಮೇಲಷ್ಟೇ ಬಾಯಿಗೆ. ಹೇಳು, ತೋರಿಸು, ಆಮೇಲೆ ಮಾಡು. ಮಕ್ಕಳಿಗೆ ಮಾಡುವ ಪದ್ಧತಿಯಂತೆ, ಹೆದರಿದ ದೊಡ್ಡವರಿಗೂ ನಡೆಯುತ್ತದೆ ಅಂದಳು. ಜೊತೆಗೆ ಒಂದು ಒಪ್ಪಂದ: "ನೋವಾದ್ರೆ ಎಡಗೈ ಎತ್ತಿ, ಆ ಕ್ಷಣ ನಿಲ್ಲಿಸ್ತೀನಿ." ಭಾವ ಪರೀಕ್ಷೆ ಮಾಡಲೆಂದೇ ಒಂದು ಸಲ ಕೈ ಎತ್ತಿದರು. ನಿಜವಾಗಿಯೂ ನಿಲ್ಲಿಸಿದಳು!

ಮೂರು ಲಕ್ಷ ಸುತ್ತು ಅಂದಾಗ ಭಾವನ ಕಣ್ಣಿನಲ್ಲಿ ಏನೋ ಮಿಂಚಿತ್ತು. ಯಾಕೆ ಅಂತ ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ಈ ಮನುಷ್ಯ ಜೀವಮಾನವಿಡೀ ಮೆಷಿನ್ ಸದ್ದು ಕೇಳಿಕೊಂಡು ಬದುಕಿದವರು! ರೀಲಿನ ಕಾಲದಲ್ಲಿ ಬೂತಿನೊಳಗೆ ಕತ್ತಲು, ಎರಡು ಪ್ರೊಜೆಕ್ಟರ್, ಸೆಕೆಂಡಿಗೆ 24 ಫ್ರೇಮು ಓಡುವ ಟರಟರ. ಆ ಸದ್ದಿನಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ "ಜಾಯಿಂಟ್ ಬಿಡ್ತು" ಅಂತ ಮಲಗಿದ್ದಲ್ಲಿಂದ ಏಳುತ್ತಿದ್ದರು. ಬೂತಿಗೆ ಮೊದಲ ಸಲ ಬಂದವರು ಆ ಗಲಾಟೆಗೆ ಬೆಚ್ಚಿಬೀಳುತ್ತಿದ್ದರು, ಭಾವನಿಗೆ ಅದು ಜೋಗುಳ. ಯಾವ ಸದ್ದು ಯಾವುದರದು ಅಂತ ಗೊತ್ತಿದ್ದವನಿಗೆ ಭಯವಿಲ್ಲ. ಅವರು ಹೆದರಿದ್ದು ನೋವಿಗಲ್ಲ, ಗೊತ್ತಿಲ್ಲದ ಸದ್ದಿಗೆ. ನಾವು ಸಿನಿಮಾದವರಿಗೆ ಇದು ಗೊತ್ತಿರಬೇಕಿತ್ತು. ಹಿನ್ನೆಲೆ ಸಂಗೀತ ತೆಗೆದು ದೆವ್ವದ ಸಿನಿಮಾ ಹಾಕಿ ನೋಡಿ, ದೆವ್ವ ಬಿಳಿ ಸೀರೆಯ ಆಂಟಿ ಅಷ್ಟೇ!

ಎರಡನೇ ಸಲ ಹಲ್ಲು ಕೀಳಿಸಲು ಭಾವ ತಾವೇ ಚಪ್ಪಲಿ ಮೆಟ್ಟಿ ನನ್ನನ್ನು ಎಬ್ಬಿಸಿದರು. ತಿಂಡಿ ತಿಂದು ಬರಲು ಹೇಳಿದ್ದರು, ಬಿಪಿ ಶುಗರ್ ವಿಚಾರಿಸಿದರು. ಸೂಜಿ ಚುಚ್ಚಿದ್ದು ಇರುವೆ ಕಚ್ಚಿದ ಹಾಗಿತ್ತು ಅಂತ ಭಾವನ ಹೇಳಿಕೆ. ಹತ್ತು ನಿಮಿಷಕ್ಕೆ ಕೆಳತುಟಿ ಅರ್ಧ ಜೋಮು ಹಿಡಿಯಿತು. "ಈಗ ಒತ್ತಿದ ಹಾಗೆ ಆಗುತ್ತೆ, ನೋವಿರಲ್ಲ. ಕಟ್ ಅಂತ ಸದ್ದು ಬರುತ್ತೆ. ದವಡೆ ಮೂಳೆಯಿಂದ ನೇರ ಕಿವಿಗೆ ಹೋಗೋದ್ರಿಂದ ನಿಮಗೆ ಮಾತ್ರ ಜೋರಾಗಿ ಕೇಳುತ್ತೆ, ಹೆದರ್ಬೇಡಿ." ಕಟ್ ಅಂತು. ಭಾವ ಹೆದರಲಿಲ್ಲ. ಹತ್ತಿ ಕಚ್ಚಿಕೊಂಡು ಹೊರಬಂದು ಕೈಸನ್ನೆಯಲ್ಲಿ 'ಬಂತು' ಅಂದರು. ಹೊತ್ತು ನೋಡಿದೆ, ಒಳಗೆ ಹೋಗಿ ಅರ್ಧ ಗಂಟೆಯಾಗಿತ್ತು. ಎರಡು ವರ್ಷದ ನೋವು, ಅರ್ಧ ಗಂಟೆ! ಉಗುಳಬಾರದು, ಬಿಸಿ ಬೇಡ, ಬೀಡಿ ಬೇಡವೇ ಬೇಡ. ಐಸ್‌ಕ್ರೀಂ ತಿನ್ನಬಹುದು ಅಂದದ್ದಕ್ಕೆ ಚಿಕ್ಕ ಮಗಳು ತನ್ನ ಹಲ್ಲನ್ನೂ ಕೀಳಿಸಲು ಹಟ ಹಿಡಿದಳು. ಕಿತ್ತ ಮೇಲೆ ಒಂದೆರಡು ದಿನವಾದರೂ ವಿಮಾನ ಹತ್ತಬೇಡಿ ಅಂದಿದ್ದರು. ನಮಗೆ ಎರಡು ವಾರವೇ ಇತ್ತು.

ಆಗುಂಬೆಯ ರಿಹರ್ಸಲ್

ಮಂಗಳೂರಿಗೆ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಹೊರಟೆವು. ದಾರಿಯುದ್ದಕ್ಕೂ ನಾನು ಭಾವನಿಗೆ ವಿಮಾನದ ಸದ್ದು ಕಲಿಸಿದೆ. ನನಗೆಲ್ಲಿಂದ ಗೊತ್ತು ಅಂತೀರಾ? 2023ರಲ್ಲಿ ಒಬ್ಬ ನಿರ್ಮಾಪಕರ ಪುಣ್ಯದಿಂದ ರಾಮೋಜಿ ಫಿಲಂ ಸಿಟಿಯ ಸೆಟ್ಟು ನೋಡಲು ಹೈದರಾಬಾದಿಗೆ ಹಾರಿದ್ದೆ. ಪಕ್ಕದ ಸೀಟಿನಲ್ಲಿ ಸಿಕ್ಕಿದವರು ವಿಮಾನ ರಿಪೇರಿ ಮಾಡುವ ಇಂಜಿನಿಯರ್. ನನ್ನ ಮುಖ ನೋಡಿ ಕರುಣೆ ಬಂದು ಪ್ರತಿ ಸದ್ದಿಗೂ ಅರ್ಥ ಹೇಳಿದ್ದರು. ನಾನು ಬರೆದಿಟ್ಟುಕೊಂಡಿದ್ದೆ.

ಇಂಜಿನ್ ಚಾಲೂ ಮಾಡುವಾಗ ಏಸಿ ಸದ್ದು ನಿಲ್ಲುತ್ತದೆ, ದೀಪ ಒಂದು ಸಲ ಮಿಣುಕಬಹುದು. ಕೆಟ್ಟದ್ದಲ್ಲ, ಥಿಯೇಟರಿನಲ್ಲಿ ಕರೆಂಟಿನಿಂದ ಜನರೇಟರಿಗೆ ಬದಲಾಯಿಸುತ್ತೀರಲ್ಲ, ಹಾಗೆ. ನೆಲ ಬಿಟ್ಟ ಮೇಲೆ ಕಾಲಡಿ 'ಧಡ್' ಅನ್ನುತ್ತದೆ, ಚಕ್ರ ಒಳಗೆ ಮಡಚಿಕೊಂಡದ್ದು. ಇನ್ನು ಎಲ್ಲರ ಜೀವ ಬಾಯಿಗೆ ಬರುವುದು ಅದಾದ ಸ್ವಲ್ಪ ಹೊತ್ತಿಗೆ. ಅಷ್ಟು ಹೊತ್ತು ಅಬ್ಬರಿಸುತ್ತಿದ್ದ ಇಂಜಿನ್ ಏಕಾಏಕಿ ಮೆತ್ತಗಾಗುತ್ತದೆ, ಹೊಟ್ಟೆಯೊಳಗೆ ಬಿದ್ದ ಹಾಗಾಗುತ್ತದೆ. ಇಂಜಿನ್ ನಿಂತದ್ದಲ್ಲ, ಏರುವಾಗ ಬೇಕಿದ್ದಷ್ಟು ಜೋರು ಈಗ ಬೇಡ ಅಂತ ಕಮ್ಮಿ ಮಾಡಿದ್ದು. ಘಾಟಿ ಹತ್ತಿದ ಮೇಲೆ ಡ್ರೈವರ್ ಗೇರು ಬದಲಿಸಿದ ಹಾಗೆ. ರೆಕ್ಕೆಯಿಂದ 'ಗುಯ್ಯ್' ಅಂತ ಬಂದರೆ ರೆಕ್ಕೆಯ ಹಿಂದಿನ ಪಟ್ಟಿಗಳು ಹಿಂದೆ ಮುಂದೆ ಸರಿಯುವುದು. 'ಟಿಂಗ್' ಅಂದರೆ ಯಾರೋ ನೀರು ಕೇಳಿರುತ್ತಾರೆ. ಇಳಿದು ಚಕ್ರ ಮುಟ್ಟಿದ ಕೂಡಲೇ ದೊಡ್ಡ ಘರ್ಜನೆ, ಅದು ವೇಗ ತಗ್ಗಿಸಲು ಇಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವುದು. ಬಾಲ್ಕನಿ ಅದುರುವ ಡಿಟಿಎಸ್ ಎಫೆಕ್ಟ್!

"ಒಂದು ಇಂಜಿನ್ ನಿಂತ್ರೆ?"

"ಇನ್ನೊಂದರಲ್ಲಿ ಹಾರಿ ಇಳಿಯೋ ಹಾಗೇ ಮಾಡಿರ್ತಾರೆ."

"ಎರಡೂ ನಿಂತ್ರೆ?"

ಎತ್ತರದಲ್ಲಿದ್ದರೆ ಕಲ್ಲಿನ ಹಾಗೆ ಬೀಳುವುದಿಲ್ಲ, ಹದ್ದಿನ ಹಾಗೆ ತೇಲಿಕೊಂಡು ಬಹುದೂರ ಸಾಗುತ್ತದೆ. ಅಹಮದಾಬಾದಿನಲ್ಲಿ ಆ ಎತ್ತರವೇ ಸಿಗಲಿಲ್ಲ. ಇದನ್ನೂ ಮುಚ್ಚಿಡದೆ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕಡಲೆಕಾಯಿ ಸುಲಿದರು.

ಆಗುಂಬೆ ಬಂತು. 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಶಂಕರ್‌ನಾಗ್ ಬಂದು ಇಳಿದ ಊರು. ಶೂಟಿಂಗ್ ನಡೆದ ದೊಡ್ಡಮನೆ ಈಗಲೂ ನೋಡಲು ಸಿಗುತ್ತದೆ. ಮಳೆ ಮುಗಿದ ನವೆಂಬರು, ಕಾಡೆಲ್ಲ ತೊಳೆದಿಟ್ಟ ಹಾಗೆ ಹಸಿರು. ಇಲ್ಲಿಂದ ಸೋಮೇಶ್ವರದವರೆಗೆ ಹದಿನಾಲ್ಕು ಹೇರ್‌ಪಿನ್ ತಿರುವು. ದೊಡ್ಡ ಬಸ್ಸು ತಿರುಗುವುದಿಲ್ಲ, ಮಿನಿ ಬಸ್ಸು. ನಮ್ಮ ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಫೋನು! ಬಲಕ್ಕೆ ಬಂಡೆ, ಎಡಕ್ಕೆ ಪ್ರಪಾತ. ನಾನು ಮುಂದಿನ ಸೀಟಿನ ಸರಳು ಹಿಡಿದು ಮಂಜುನಾಥನನ್ನು ನೆನೆಯುತ್ತಿದ್ದರೆ, ಭಾವ ಆರಾಮವಾಗಿ ಕಿಟಕಿಗೆ ಒರಗಿ "ಎಂಥಾ ಲೊಕೇಶನ್ ನೋಡ್ಲೇ" ಅನ್ನುತ್ತಿದ್ದರು. ಆ ಡ್ರೈವರನ್ನು ಯಾರು ಪರೀಕ್ಷೆ ಮಾಡಿದ್ದಾರೋ, ಆ ಬ್ರೇಕನ್ನು ಯಾವಾಗ ನೋಡಿದ್ದಾರೋ. ಪೈಲಟ್‌ಗೆ ವೈದ್ಯರ ತಪಾಸಣೆ, ಮೇಲಿಂದ ಮೇಲೆ ಪರೀಕ್ಷೆ. ವಿಮಾನದ ರೆಕ್ಕೆ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ತಡೆಯಬೇಕು ಅಂತ ಕಾನೂನು. ಆದರೂ ನಮಗೆ ನಂಬಿಕೆ ಮಿನಿ ಬಸ್ಸಿನ ಮೇಲೆ!

ಅರ್ಧ ಘಾಟಿ ಇಳಿದಾಗ ಭಾವ ಕಿವಿ ತಿಕ್ಕಿಕೊಂಡರು. "ಕಿವಿ ಮುಚ್ಕಂತು."

"ಎಂಜಲು ನುಂಗಿ ಭಾವ." ನುಂಗಿದರು, ಟಪ್ ಅಂತ ಬಿಟ್ಟಿತು. "ವಿಮಾನ ಇಳಿಯುವಾಗಲೂ ಇಷ್ಟೇ. ಪೆಪ್ಪರಮಿಂಟು ಬಾಯಲ್ಲಿಟ್ಕೊಳ್ಳಿ."

ಹೆಬ್ರಿ ದಾಟಿದ ಮೇಲೆ ಗುಂಡಿ ರಸ್ತೆ. ಬಸ್ಸು ಎತ್ತಿ ಎತ್ತಿ ಕುಕ್ಕಿತು. ಮೋಡದೊಳಗೆ ವಿಮಾನ ಅಲ್ಲಾಡುವುದೂ ಇದೇ ಜಾತಿ, ಗಾಳಿಯ ಗುಂಡಿ. ಅದಕ್ಕೆ ವಿಮಾನ ಮುರಿಯುವುದಿಲ್ಲ, ಬೆಲ್ಟ್ ಹಾಕದವನ ತಲೆ ಒಡೆಯುತ್ತದೆ. 2022ರ ಮೇ 1ರಂದು ಮುಂಬೈಯಿಂದ ದುರ್ಗಾಪುರಕ್ಕೆ ಹೋದ ವಿಮಾನ ಹೀಗೆ ಅಲ್ಲಾಡಿ ಹಲವರಿಗೆ ಪೆಟ್ಟಾಯಿತು, ಒಬ್ಬರು ತಿಂಗಳುಗಳ ನಂತರ ತೀರಿಕೊಂಡರು. ವಿಮಾನ ಮಾತ್ರ ಸರಿಯಾಗಿ ಇಳಿದಿತ್ತು. ಅದಕ್ಕೇ ದೀಪ ಆರಿದರೂ ಬೆಲ್ಟ್ ಬಿಚ್ಚಬೇಡಿ. ಸೀಟು ಕೇಳುವುದಾದರೆ ರೆಕ್ಕೆಯ ಹತ್ತಿರ ಕೇಳಿ, ಅಲ್ಲಿ ಅಲ್ಲಾಟ ಕಮ್ಮಿ. 11ಎ ಹಿಂದೆ ಬೀಳಬೇಡಿ.

ಬಜ್ಪೆಯ ಗುಡ್ಡ

ಮಂಗಳೂರಿಗೆ ಸ್ವಲ್ಪ ಮೊದಲು ಕೂಳೂರು. ಅಲ್ಲಿಂದ ತಣ್ಣೀರುಬಾವಿ ಕಡೆ ಹೋಗುವ ರಸ್ತೆಯಲ್ಲಿ, ಫಲ್ಗುಣಿ ಹೊಳೆಯ ಪಕ್ಕ ಒಂದು ಸ್ಮಾರಕ ಇದೆ. ನನಗೆ ಹೇಳದೇ ಇರಬಹುದಿತ್ತು, ಆದರೆ ಭಾವನೇ ಕೇಳಿದರು: "ಮಂಗ್ಳೂರಾಗೂ ಬಿದ್ದಿತ್ತಲ್ಲ?"

ಬಿದ್ದಿತ್ತು. 2010ರ ಮೇ 22, ಬೆಳಗಿನ ಆರರ ಹೊತ್ತು. ದುಬೈಯಿಂದಲೇ ಬಂದ ವಿಮಾನ. 166 ಜನರಲ್ಲಿ 158 ಮಂದಿ ಹೋದರು, ಎಂಟು ಮಂದಿ ಉಳಿದರು. ಗುರುತು ಸಿಗದ ಶವಗಳನ್ನು ಮಣ್ಣು ಮಾಡಿದ್ದು ಈ ಹೊಳೆಯ ದಡದಲ್ಲೇ. ಬಜ್ಪೆ ನಿಲ್ದಾಣ ಗುಡ್ಡದ ನೆತ್ತಿ ಕತ್ತರಿಸಿ ಮೇಜಿನ ಹಾಗೆ ಮಾಡಿದ್ದು. ನೆಹರೂ 1951ರಲ್ಲೇ ಇಲ್ಲಿ ಬಂದು ಇಳಿದಿದ್ದರು. ಈಗಿನ ದೊಡ್ಡ ರನ್‌ವೇ 2,450 ಮೀಟರ್, ಶುರುವಾದದ್ದು 2006ರಲ್ಲಿ. ಆ ದಿನ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗದಲ್ಲಿ ಬಂದಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಅಂತ ಕೋ-ಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಿದರು ಅಂತ ವಿಚಾರಣೆಯ ವರದಿಯೇ ಹೇಳುತ್ತದೆ.

"ಭಾವ, ಇಳಿಯಲು ಬಂದ ವಿಮಾನ ನೆಲ ಮುಟ್ಟದೆ ಮತ್ತೆ ಜೋರಾಗಿ ಸದ್ದು ಮಾಡಿ ಮೇಲೆ ಹೋದರೆ ಹೆದರಬೇಡಿ. ಪೈಲಟ್ ಬುದ್ಧಿವಂತ ಅಂತ ತಿಳೀರಿ. ಲೂಪ್ ತಪ್ಪಿದಾಗ ನೀವು ಪ್ರೊಜೆಕ್ಟರ್ ನಿಲ್ಲಿಸಿ ಮತ್ತೆ ರೀಲ್ ಹಾಕ್ತಿರಲಿಲ್ವೇ?"

"ಜನ ಕೂಗಾಡೋರು."

"ಕೂಗಾಡ್ಲಿ. ಫಿಲಂ ಉಳೀತಿತ್ತಲ್ಲ."

ರಾತ್ರಿ ಲಾಡ್ಜಿನ ಮ್ಯಾನೇಜರ್ ಭಾವನ ಕಥೆ ಕೇಳಿ ನಕ್ಕುಬಿಟ್ಟರು. "ಎಂತ ಹೆದರಿಕೆ ಮಾರಾಯ್ರೆ? ನಮ್ಮ ಅಜ್ಜಿಗೆ ಎಂಬತ್ತಾಯ್ತು, ಬಾಣಂತನಕ್ಕೆ ಅಂತ ಎರಡು ಸಲ ದುಬೈಗೆ ಹೋಗಿ ಬಂದ್ರು. ಉಪ್ಪಿನಕಾಯಿ ಒಡೀತದೆ ಅಂತ ಮಾತ್ರ ಅವರಿಗೆ ಹೆದರಿಕೆ." ಅಲ್ಲಿಯವರೆಗೆ ನಾನು ಹೇಳಿದ ಅಷ್ಟೂ ವಿಜ್ಞಾನಕ್ಕಿಂತ ಆ ಅಜ್ಜಿ ಕೆಲಸ ಮಾಡಿದರು ಅಂತ ನನ್ನ ಗುಮಾನಿ. ಭಾವ ಮುದ್ದೆ ಸಿಗದಿದ್ದರೂ ಕುಸುಬಲಕ್ಕಿ ಅನ್ನ ಎರಡು ಸಲ ಹಾಕಿಸಿಕೊಂಡರು. ಹೊಸ ಸಿಮೆಂಟಿನ ಕಡೆಯಲ್ಲೇ ಅಗಿದರು.

ನಿಲ್ದಾಣದ ಬಾಗಿಲಿನಿಂದಾಚೆಗೆ ಟಿಕೆಟ್ ಇಲ್ಲದವರಿಗೆ ಪ್ರವೇಶವಿಲ್ಲ. ಬೀಳ್ಕೊಡುವಾಗ ಒಂದು ಮಾತು ಹೇಳಿಕೊಟ್ಟೆ: ಒಳಗೆ ಹತ್ತಿದ ಕೂಡಲೇ "ನನಗಿದು ಮೊದಲ ಸಲ, ಭಯ ಇದೆ" ಅಂತ ಆ ಹುಡುಗಿಯರಿಗೆ ಹೇಳಿಬಿಡಿ, ನಾಚಿಕೆ ಬೇಡ, ಅವರು ಬಂದು ಬಂದು ಮಾತಾಡಿಸುತ್ತಾರೆ. ಭಾವ ನನ್ನ ಬೆನ್ನಿಗೊಂದು ಗುದ್ದಿದರು. ಕಣ್ಣು ಒದ್ದೆಯಾಗಿತ್ತು. ಅದು ವಿಮಾನದ ಭಯಕ್ಕಲ್ಲ, ಎರಡು ವರ್ಷ ಮಕ್ಕಳ ಮುಖ ನೋಡುವ ಹಾಗಿಲ್ಲವಲ್ಲ ಅಂತ. ಅದಕ್ಕೆ ನನ್ನ ಹತ್ತಿರ ಯಾವ ಔಷಧಿಯೂ ಇರಲಿಲ್ಲ. ಹೊರಗೆ ರಸ್ತೆಯಲ್ಲಿ ನಿಂತು ವಿಮಾನ ಎದ್ದು ಸಮುದ್ರದ ಕಡೆ ವಾಲಿ ಚುಕ್ಕೆಯಾಗುವವರೆಗೂ ನೋಡಿದೆ. ಸುಮಾರು ಮೂರೂವರೆ ಗಂಟೆಯ ಹಾರಾಟ. ನಾನು ಉಡುಪಿ ಬಸ್ಸಿನಲ್ಲಿ ಕೂತು ಗಡಿಯಾರ ನೋಡಿದ್ದೇ ನೋಡಿದ್ದು.

ಫೋನ್ ಬಂತು. ಹಲೋ ಇಲ್ಲ, ಏನಿಲ್ಲ.

"ಲೇ ತಮ್ಮ! ಎಲ್ಲಾ ನೀ ಹೇಳ್ದಂಗೇ ಬಂತು ಕಣಲೇ. ಏಸಿ ನಿಂತು, ಧಡ್ ಅಂತು, ಮೆತ್ತಗಾತು, ಟಿಂಗ್ ಅಂತು. ಪಕ್ಕದಾಗೆ ಕುಂತಿದ್ದ ಹುಡುಗ ನಡುಗ್ತಿದ್ದ, ಅವನಿಗೆ ನಾನೇ ಹೇಳ್ಕೊಟ್ಟೆ. ಹಲ್ಲೂ ಜುಂ ಅನ್ಲಿಲ್ಲ. ಆದ್ರೆ ಒಂದು ಸೌಂಡ್ ನೀ ಹೇಳಿದ್ದಿಲ್ಲ ನೋಡು."

"ಯಾವುದು ಭಾವ?"

"ಇಳಿದು ಇನ್ನಾ ಓಡ್ತಾ ಐತೆ, ಆಗ್ಲೇ ಟಕ್ ಟಕ್ ಟಕ್ ಟಕ್ ಅಂತ ನೂರು ಸಲ! ಮೆಷಿನ್ ಕಳಚ್ಕಂತು ಅಂದ್ಕಂಡೆ. ನೋಡಿದ್ರೆ ಎಲ್ಲಾರೂ ಬೆಲ್ಟ್ ಬಿಚ್ತಾ ಇದಾರೆ. ಪಿಕ್ಚರ್ ಮುಗಿಯಾಕೆ ಮುಂಚೆ ಎದ್ದು ನಿಲ್ಲೋ ಜನ ಇಲ್ಲೂ ಅವರೇ ಕಣಲೇ!"